ಮುಚ್ಚಿದ ಹಗೇವಿನ ಗಾಳಿ ಹುಡುಕಿ

ಆಷಾಢದ ಗಾಳಿ ಹುಬ್ಬಳ್ಳಿ ಬಸ್ ನಿಲ್ದಾಣದ ತಗಡುಗಳನ್ನು ಬಡಿದಾಡಿಸುತ್ತಿದ್ದ ಒಂದು ಮಂಗಳವಾರ ಬೆಳಿಗ್ಗೆ ನಾನು ಗದಗದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ನನ್ನ ತೊಡೆಯ ಮೇಲಿದ್ದ ಚೀಲವನ್ನು ಆತ ಅನುಮಾನದಿಂದ ನೋಡಿದ. ಅದರಲ್ಲಿ ರಬ್ಬರ್ ಮುಚ್ಚಳದ ಸಣ್ಣ ಗಾಜಿನ ಸೀಸೆಗಳು, ಸಿರಿಂಜುಗಳು, ಸುರುಳಿ ಸುತ್ತಿದ ಒಂದು ತೆಳ್ಳನೆಯ ಪ್ಲಾಸ್ಟಿಕ್ ನಳಿಕೆ ಇದ್ದವು. ಬಸ್ಸು ಕುಲುಕಿದಾಗಲೆಲ್ಲ ಸೀಸೆಗಳು ಕಿಣಿಕಿಣಿ ಅನ್ನುತ್ತಿದ್ದವು.

ನಾನು ಹೊರಟದ್ದು ಗಾಳಿ ತರಲು. ನಗಬೇಡಿ, ಖರೆ ಹೇಳುತ್ತಿದ್ದೇನೆ. ನನ್ನ ಪಿಎಚ್.ಡಿ. ಧಾನ್ಯಕ್ಕೆ ಹತ್ತುವ ಬೂಷ್ಟಿನ ಮೇಲೆ. ಅದು ಮುಗಿದು ಎರಡು ವರ್ಷವಾಯಿತು. ಅಂದಿನಿಂದ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ತಾಸಿನ ಲೆಕ್ಕದಲ್ಲಿ ಪಾಠ ಹೇಳುತ್ತ, ಪೋಸ್ಟ್‌ಡಾಕ್ ಜಾಗಕ್ಕಾಗಿ ದೇಶದ ಪ್ರಾಧ್ಯಾಪಕರಿಗೆಲ್ಲ ಮೇಲ್ ಬರೆಯುತ್ತ ಕೂತಿದ್ದೆ. ಹೆಚ್ಚಿನವರು ಉತ್ತರ ಕೊಡುವುದಿಲ್ಲ. ಕೊಟ್ಟವರು ನಿಮ್ಮ ಕೆಲಸ ಬಹಳ ಚೆನ್ನಾಗಿದೆ, ನಮ್ಮಲ್ಲಿ ಸದ್ಯ ಹಣವಿಲ್ಲ ಅನ್ನುತ್ತಾರೆ. ಹೊಗಳಿ ಹೊರಗೆ ಹಾಕುವ ಕಲೆಯನ್ನು ಅವರಿಂದಲೇ ಕಲಿಯಬೇಕು.

ಕೊನೆಗೆ ಪುಣೆಯ ಪ್ರಾಧ್ಯಾಪಕಿಯೊಬ್ಬರು ನನ್ನ ಪ್ರಸ್ತಾವನೆಯನ್ನು ಪೂರ್ತಿ ಓದಿದರು. ಹಗೇವಿನ ಮೇಲೆ ಬರೆದಿದ್ದೆ. ನಮ್ಮ ಕಡೆ ಮನೆಯ ಮುಂದಿನ ನೆಲದಲ್ಲಿ ಆಳವಾಗಿ ತೋಡಿ, ಜೋಳ ತುಂಬಿ, ಮೇಲೆ ಹುಲ್ಲು ಹೊದಿಸಿ, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತುತ್ತಾರಲ್ಲ, ಅದು ಹಗೇವು. ಒಳಗಿನ ಗಾಳಿ ಕೆಟ್ಟು ಹುಳ ಸಾಯುತ್ತವೆ, ಕಾಳು ಉಳಿಯುತ್ತದೆ. ಅಲ್ಲಿ ಯಾವ ಬೂಷ್ಟು ಬದುಕುತ್ತದೆ ಎಂಬುದು ನನ್ನ ಪ್ರಶ್ನೆ. ‘ಬಳಕೆಯಲ್ಲಿರುವ ಒಂದಾದರೂ ಹಗೇವನ್ನು ತೆರೆಯುವ ಮೊದಲೇ ಒಳಗಿನ ಗಾಳಿ ತೆಗೆದು ಇಟ್ಟುಕೊಳ್ಳಿ. ಗುರುವಾರ ನಾಲ್ಕಕ್ಕೆ ಆನ್‌ಲೈನ್ ಸಂದರ್ಶನ. ಸಮಿತಿ ಅದನ್ನೇ ಕೇಳುತ್ತದೆ’ ಎಂದು ಬರೆದರು. ಈ ಫೆಲೋಶಿಪ್ಪಿಗೆ ವಯಸ್ಸಿನ ಮಿತಿಯಿದೆ. ದಸರೆ ಬಂತೆಂದರೆ ನಾನು ಅದನ್ನು ದಾಟುತ್ತೇನೆ. ಅಂದರೆ ಇದೇ ಸಲ, ಇಲ್ಲವೇ ಇಲ್ಲ.

ಗದಗದಲ್ಲಿ ಈರಣ್ಣ ಮಾಮಾ ಕಾಯುತ್ತಿದ್ದ. ಅವನು ನಮ್ಮವ್ವನ ತಮ್ಮ, ಲಕ್ಷ್ಮೇಶ್ವರದವನು. ಊರೂರು ವರ್ಗವಾಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಗದಗದ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ಅವನ ಶಿಷ್ಯರಿಲ್ಲದ ಓಣಿಯಿಲ್ಲ. ಹಗೇವು ಹುಡುಕಿಕೊಡುವ ಕೆಲಸವನ್ನು ಅವನ ತಲೆಗೇ ಕಟ್ಟಿದ್ದೆ.

“ಮೊದಲು ಮಿರ್ಚಿ ಗಿರಮಿಟ್ ತಿನ್ನೂನು. ಹಗೇವು ಎಲ್ಲಿ ಓಡಿ ಹೊಕ್ಕಾವು?” ಎಂದ.

“ಮಾಮಾ, ಟೈಮಿಲ್ಲ.”

“ಟೈಮು ಬಾಯಿಗೂ ಬೇಕಲೇ.”

ನಿಂತುಕೊಂಡೇ ತಿಂದೆ. ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಒಂದು ಕೈ ಫೋನಿನ ಮೇಲೇ ಇತ್ತು. ಎರಡು ವರ್ಷದಲ್ಲಿ ನನಗೆ ಅಂಟಿದ ರೋಗ ಇದು. ಮೇಲ್ ಬಂತೇ, ಮೇಲ್ ಬಂತೇ ಎಂದು ಬೆರಳು ತನ್ನಷ್ಟಕ್ಕೆ ಪರದೆಯನ್ನು ಕೆಳಗೆಳೆಯುತ್ತದೆ. ಮಾಮಾ ನೋಡೀ ನೋಡೀ, “ಬಾವ್ಯಾಗ ಹಗ್ಗಾ ಜಗ್ಗಿದಂಗ ಜಗ್ಗಾಕತ್ತೀಯಲ್ಲ, ನೀರು ಬಂತೇನು?” ಎಂದು ಕಾಡಿಸಿದ.

ಅಲ್ಲಿಂದ ಆಟೋದಲ್ಲಿ ಬೆಟಗೇರಿಗೆ ಹೋದೆವು. ಮಗ್ಗಗಳ ಖಟಪಟ ಸದ್ದಿನ ಓಣಿ ದಾಟಿ ಮಾಮಾನ ಶಿಷ್ಯನೊಬ್ಬನ ಅಂಗಡಿ. ಕಾಳಿನ ವ್ಯಾಪಾರಿ, ದುಂಡನೆಯ ಮನುಷ್ಯ. ಮಾಸ್ತರರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಚಹಾ ತರಿಸಿದ. ನಾನು ಕೂರಲೇ ಇಲ್ಲ.

“ಹಗೇವು ಎಲ್ಲೈತ್ರಿ?”

“ಐತ್ರಿ ಮೇಡಂ. ನೀವು ಅದರ ಮ್ಯಾಲನ ನಿಂತೀರಿ.”

ಕೆಳಗೆ ನೋಡಿದೆ. ಮಿರಿಮಿರಿ ಮಿಂಚುವ ಟೈಲ್ಸು. ಅಂಗಡಿ ಕಟ್ಟುವಾಗ ಹಗೇವಿಗೆ ಕಲ್ಲುಮಣ್ಣು ತುಂಬಿ ಮೇಲೆ ಕಾಂಕ್ರೀಟ್ ಹಾಕಿದ್ದರಂತೆ. “ಒಡದು ತೋರಸ್ಲೇನ್ರಿ? ಮಾಸ್ತರ ಹೇಳಿದ್ರ ಒಡದ ಬಿಡತೇನಿ” ಎಂದು ಆತ ಗಹಗಹಿಸಿ ನಕ್ಕ. ಮಾಮಾನೂ ನಕ್ಕ. ನನಗೆ ನಗು ಬರಲಿಲ್ಲ.

ಗದಗದಿಂದ ಲಕ್ಷ್ಮೇಶ್ವರ ಸುಮಾರು ನಲವತ್ತು ಕಿಲೋಮೀಟರ್. ಎರೆಹೊಲಗಳಲ್ಲಿ ಹೆಸರು ಹೂವಿಗೆ ಬಂದಿತ್ತು. ತುಂತುರು ಹನಿದು ನಿಲ್ಲುವುದು, ಮತ್ತೆ ಹನಿಯುವುದು. ಗಾಳಿ ಮಾತ್ರ ನಿಲ್ಲಲೊಲ್ಲದು. ಪಕ್ಕದ ಸೀಟಿನ ಹೆಂಗಸು ನನ್ನ ಸೀಸೆಗಳ ಸದ್ದು ಕೇಳಿ, “ಬಳಿ ವ್ಯಾಪಾರೇನವಾ?” ಎಂದಳು. ಮಾಮಾ ಹಿಂದಿನ ಸೀಟಿನಿಂದಲೇ ಇಡೀ ಬಸ್ಸಿಗೆ ಕೇಳುವಂತೆ ನನ್ನ ಚರಿತ್ರೆ ಬಿಚ್ಚಿದ.

“ಪಿಎಚ್.ಡಿ. ಆಗ್ಯಾಳ್ರಿ. ಈಗ ಪೋಸ್ಟ್‌ಡಾಕ್ ಹುಡುಕಾಕತ್ತಾಳ.”

“ಅಂದ್ರ ನೌಕರಿ ಏನ್ರಿ?”

“ನೌಕರಿ ಅಲ್ಲ, ಓದೂ ಅಲ್ಲ. ಓದು ಮುಗದವರು ನೌಕರಿ ಬರೋತನಕ ಕುಂಡ್ರೂ ಕಟ್ಟಿ ಅದು.”

“ಕಟ್ಟಿ ಮ್ಯಾಲ ಕುಂಡ್ರಾಕೂ ಇಷ್ಟು ತಿರಗಬೇಕಾ?” ಎಂದು ಆಕೆ ಬಾಯಿಗೆ ಸೆರಗು ಹಿಡಿದಳು. ನನಗೆ ರೇಗಿತು. ಆದರೆ ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ಲಕ್ಷ್ಮೇಶ್ವರದ ಮಾಮಾನ ಮನೆಯಲ್ಲಿ ಅತ್ತೆ ಬಿಸಿ ರೊಟ್ಟಿ ಬಡಿದು ಹಾಕಿದರೂ ಆ ಕಟ್ಟೆಯ ಮಾತು ಗಂಟಲಲ್ಲಿ ಕೂತೇ ಇತ್ತು.

ಬುಧವಾರ ಬೆಳಿಗ್ಗೆ ಶಿರಹಟ್ಟಿಗೆ ಹೊರಟೆವು. ಲಕ್ಷ್ಮೇಶ್ವರದಿಂದ ದೂರವೇನಿಲ್ಲ. ಆದರೆ ಬಸ್ಸು ತುಂಬಿಕೊಂಡು ಬಂದದ್ದರಿಂದ ಬಾಗಿಲ ಬಳಿ ನಿಂತೇ ಹೋದೆ. ಊರಂಚಿನ ಒಂದು ಮನೆಯಲ್ಲಿ ಹಗೇವು ಇನ್ನೂ ಇದೆ, ತುಂಬಿಯೂ ಇದೆ ಎಂದು ಮಾಮಾನಿಗೆ ಖಬರು ಬಂದಿತ್ತು. ಮನೆಯ ಯಜಮಾನಿ ಗಂಗವ್ವ ಅಂಗಳ ಗುಡಿಸುತ್ತಿದ್ದಳು. ವಿಷಯ ಕೇಳಿ ಕಸಬರಿಗೆ ಹಿಡಿದ ಕೈಯಿಂದಲೇ ಹಿತ್ತಲು ತೋರಿಸಿದಳು.

“ಅಲ್ಲೈತಿ. ನೋಡ್ರಿ ಬೇಕಾದ್ರ. ಬಾಗಲಾ ಬಡದು ಹೋಗ್ರಿ ಮತ್ತ, ಒಳಗ ನಮ್ಮ ಮನಿಯವ್ರು ಅದಾರ.”

ಪಾಯಖಾನೆ ಕಟ್ಟಿಸಲು ಸರ್ಕಾರ ಹಣ ಕೊಟ್ಟಾಗ, ತೋಡಿದ ಗುಂಡಿ ಇದ್ದೇ ಇದೆಯಲ್ಲ ಎಂದು ಹಗೇವನ್ನೇ ಅದಕ್ಕೆ ಕೊಟ್ಟುಬಿಟ್ಟಿದ್ದರು. ತುಂಬಿದೆ ಎಂಬ ಖಬರು ಸುಳ್ಳಲ್ಲ. ಮಾಮಾ ರಸ್ತೆಗೆ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ನೋಡಿ ನಾನೂ ತಡೆಯಲಾರದೆ ನಕ್ಕೆ. ನಾಲ್ಕು ದಿನದ ಪ್ರವಾಸದಲ್ಲಿ ನಾನು ಮನಸಾರೆ ನಕ್ಕದ್ದು ಅಲ್ಲಿ, ಆ ಹಿತ್ತಲಿನ ಗೋಡೆಯ ಆಚೆ.

ಶಿರಹಟ್ಟಿ ನಿಲ್ದಾಣದಲ್ಲಿ ಮುಂಡರಗಿಯ ಬಸ್ಸಿಗಾಗಿ ಬಹಳ ಹೊತ್ತು ಕಾದೆವು. ನಾನು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ನಡೆಯುತ್ತಿದ್ದೆ. ಶೇಂಗಾ ಸುಲಿಯುತ್ತ ಕೂತಿದ್ದ ಮಾಮಾ, “ಕುಂತಲ್ಲಿ ಕುಂಡ್ರಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ. ಮುಂಡರಗಿ ಕಡೆ ಫಕ್ಕೀರಪ್ಪ ಅದಾನ, ಅವಂದು ಖರೇನ ಜೋಳ ತುಂಬಿದ ಹಗೇವು. ನಿನ್ನೇನ ಫೋನ್ ಮಾಡಿ ಹೇಳೀನಿ. ಇನ್ನರ ಸುಮ್ಮ ಕುಂಡ್ರು” ಎಂದ.

“ಏನಂತ ಹೇಳಿದಿ?”

“ಅಕ್ಕನ ಮಗಳು ಹಗೇವು ನೋಡಾಕ ಬರ್ತಾಳ, ಚಂದಗೆ ವ್ಯವಸ್ಥಾ ಮಾಡೋ ಅಂದೀನಿ.”

ನನಗೆ ಆಗ ಏನೂ ಅನುಮಾನ ಬರಲಿಲ್ಲ.

ದಾರಿಯಲ್ಲಿ ಕಪ್ಪತಗುಡ್ಡ ಮೋಡ ಹೊದ್ದುಕೊಂಡಿತ್ತು. ಅದರ ಸಾಲಿನ ಮೇಲೆ ಗಾಳಿಯಂತ್ರಗಳು ಗರಗರ ತಿರುಗುತ್ತಿದ್ದವು. ಇಷ್ಟು ಗಾಳಿಯಿರುವ ಸೀಮೆಯಲ್ಲಿ ಒಂದು ಸೀಸೆ ಗಾಳಿಗಾಗಿ ಅಲೆಯುತ್ತಿದ್ದೇನಲ್ಲ ಎಂದುಕೊಂಡೆ. ಮುಂಡರಗಿ ತಲುಪುವಾಗ ಸಂಜೆಯಾಗಿತ್ತು. ಮಾಮಾನ ಗೆಳೆಯರೊಬ್ಬರ ಮನೆಯಲ್ಲಿ ಉಳಿದುಕೊಂಡೆವು.

ಗುರುವಾರ ಮಳೆ ಹೊಳವಾಗಿತ್ತು. ಫಕ್ಕೀರಪ್ಪನ ಹಳ್ಳಿ ಮುಂಡರಗಿಯಿಂದ ಟಂಟಂ ಆಟೋದಲ್ಲಿ ಅರ್ಧ ತಾಸಿನ ದಾರಿ. ಬಾಡಿಗೆ ತಲೆಗೆ ಇಪ್ಪತ್ತು ರೂಪಾಯಿ. ಟಂಟಂನವನಿಗೆ ಹೆಂಗಸು ಗಂಡಸು ಎಂಬ ಭೇದವಿಲ್ಲ. ಊರು ದಿನ್ನೆಯ ಮೇಲಿದೆ, ನೀರು ನಿಲ್ಲದ ನೆಲ. ಹಗೇವಿಗೆ ಹೇಳಿ ಮಾಡಿಸಿದ ಜಾಗ. ಎಷ್ಟೋ ದಿನಗಳ ಮೇಲೆ ನನ್ನ ಎದೆ ಹಗುರಾಯಿತು.

“ಬರ್ರಿ ಮಾಸ್ತರ, ಬಾರವಾ ತಂಗಿ” ಎಂದು ಫಕ್ಕೀರಪ್ಪ ಎದುರು ಬಂದರು. ಅರವತ್ತರ ಹತ್ತಿರದ ಆಳು, ಮಾಮಾ ನೌಕರಿಗೆ ಸೇರಿದ ಹೊಸತರಲ್ಲಿ ಕಲಿಸಿದ ಹುಡುಗರಲ್ಲಿ ಒಬ್ಬರು. ಅವರ ಹೆಂಡತಿ ನೀಲವ್ವ ಕಾಲಿಗೆ ನೀರು ಕೊಟ್ಟಳು. ಮನೆಯ ಮುಂದಿನ ಅಂಗಳವನ್ನೆಲ್ಲ ಸೆಗಣಿಯಿಂದ ಸಾರಿಸಿದ್ದರು. ನಟ್ಟನಡುವೆ ರಂಗೋಲಿ. ರಂಗೋಲಿಯ ನಡುವೆ, ಹಾಸುಗಲ್ಲು ಸರಿಸಿ, ಬಾಯಿ ತೆರೆದ ಹಗೇವು.

ನನ್ನ ಕೈಯಲ್ಲಿದ್ದ ನೀರಿನ ತಂಬಿಗೆ ಹಾಗೇ ನಿಂತಿತು.

“ನಿನ್ನೆ ಮುಂಜಾನೇನ ಬಾಯಿ ತೆಗದೀವಿ” ಎಂದರು ಫಕ್ಕೀರಪ್ಪ, ಹೆಮ್ಮೆಯಿಂದ. “ಒಂದು ದಿನ ಪೂರಾ ಉಸಿರು ಬಿಡಾಕ ಬಿಟ್ಟೀವಿ. ಕಂದೀಲ ಇಳಿಸಿ ನೋಡೀವಿ, ಆರಲಿಲ್ಲ. ಈಗ ನೀ ಬೇಕಾದ್ರ ಒಳಗಿಳದು ಕುಂಡ್ರಬಹುದು ನೋಡವಾ.”

“ಯಾರು ತೆಗೀರಿ ಅಂದ್ರು ನಿಮಗ?” ಎಂದೆ. ಎಂದೆನೇ? ಚೀರಿದೆ. “ಅದರೊಳಗಿನ ಗಾಳೀನ ನನಗ ಬೇಕಾಗಿತ್ತು! ಮುಚ್ಚಿದ್ದ ಗಾಳಿ! ಅದಕ್ಕಂತನ ಇಲ್ಲೀತನಕ ಬಂದೀನಿ. ಇವತ್ತ ಸಂಜಿಮುಂದ ನನ್ನ ಸಂದರ್ಶನ. ಎಲ್ಲಾ ಹೋತು!”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತನ್ನು ಯಾರೋ ಪ್ರೀತಿಯಿಂದ ತೊಳೆದು ಚೆಲ್ಲಿದ್ದರು. ಫಕ್ಕೀರಪ್ಪನ ಮುಖ ಸಪ್ಪಗಾಯಿತು. ಮಾಮಾ, “ಸುಮಾ, ಸುಮ್ಮನಾಗು. ನಾನ ಬಿಡಿಸಿ ಹೇಳಬೇಕಿತ್ತು” ಎಂದು ನನ್ನ ತೋಳು ಹಿಡಿದ. ನಾನು ಕೊಡವಿದೆ.

ಮಾತಾಡಿದವಳು ನೀಲವ್ವ. ಸಿಟ್ಟಿಲ್ಲದೆ, ಮೆಲ್ಲಗೆ.

“ಮುಚ್ಚಿದ ಹಗೇವಿಗೆ ನಾವು ಹೊರಗಿನವರನ್ನ ಕರಕೊಂಡು ಹೋಗಂಗಿಲ್ಲವಾ. ನಮ್ಮ ಮೈದುನ ಇದ್ದ. ಮನ್ಯಾಗ ಹಬ್ಬ, ಕಾಳು ಬೇಕಾಗಿತ್ತು. ಬಾಯಿ ತೆಗದ ತಾಸಿನಾಗ ಬುಟ್ಟಿ ತಗೊಂಡು ಇಳದ. ಇವರು ಮ್ಯಾಲಿಂದ ಕೂಗೂದು, ಕೂಗೂದು. ಓ ಅನ್ನಲಿಲ್ಲ. ತೆಗದಾಗ ಕೈಯಾಗ ಬುಟ್ಟಿ ಹಾಂಗ ಹಿಡಕೊಂಡಿದ್ದ.” ಆಕೆ ಹಗೇವಿನ ಬಾಯಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. “ನಿನ್ನ ಗಾಳಿ ಹೋದ್ರ ಹೋಗ್ಲಿ. ನೀನು ಇರಬೇಕಲ್ಲವಾ.”

ನನಗೆ ಅಳು ಬಂತು. ಅದು ಜಾಗ ಹೋಯಿತೆಂಬ ಅಳುವೋ, ಈ ಮನೆಯ ಅಂಗಳದಲ್ಲಿ ನಿಂತು ಚೀರಿದ ನಾಚಿಕೆಯೋ, ಎರಡೂ ಇರಬೇಕು. ದನದ ಕೊಟ್ಟಿಗೆಯ ಕಡೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಆಮೇಲೆ ಹಗೇವಿನ ಹುಲ್ಲು, ಗೋಡೆಗೆ ಅಂಟಿದ ಕಾಳು, ನಡುವಿನ ಕಾಳು ಎಂದು ಸೀಸೆಗೆ ತುಂಬಿಕೊಂಡೆ. ಅದಕ್ಕೆ ಬೆಲೆಯಿಲ್ಲ ಎಂದಲ್ಲ. ಆದರೆ ಸಮಿತಿ ಕೇಳುವುದು ಅದನ್ನಲ್ಲ.

ಊಟಕ್ಕೆ ಅದೇ ಹಗೇವಿನ ಜೋಳದ ರೊಟ್ಟಿ. ಹೊಸ ಜೋಳದ ರೊಟ್ಟಿಗಿಲ್ಲದ ಒಂದು ಹುಳಿವಾಸನೆ ಅದಕ್ಕಿತ್ತು. ಜೊತೆಗೆ ಬದನೆಕಾಯಿ ಎಣಗಾಯಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಇಷ್ಟು ದುಃಖದಲ್ಲೂ ಎರಡು ರೊಟ್ಟಿ ಹೋದವು. ಉಣ್ಣುವಾಗಲೇ ಫಕ್ಕೀರಪ್ಪ ನನ್ನ ಚೀಲದಿಂದ ಹೊರಬಿದ್ದಿದ್ದ ನಳಿಕೆಯನ್ನು ತೋರಿಸಿ ಕೇಳಿದರು.

“ಇದು ಯಾತಕ್ಕವಾ?”

ಹಾಸುಗಲ್ಲಿನ ಬದಿಯ ಮಣ್ಣಿಗೆ ತೂತು ಮಾಡಿ ಇದನ್ನು ಒಳಗಿಳಿಸುವುದು, ಸಿರಿಂಜಿನಿಂದ ಗಾಳಿ ಎಳೆದುಕೊಂಡು ಮತ್ತೆ ಮಣ್ಣು ಮೆತ್ತುವುದು ಎಂದು ಹೇಳಿದೆ.

“ಅಂದ್ರ ಬಾಯಿ ತೆಗೀಲಾರದ ಗಾಳಿ ಬರತೈತಿ?”

“ಬರ್ತಿತ್ತು ಕಾಕಾ.”

“ಮುಚ್ಚೂ ದಿನಾನ ಇಟ್ಟು ಮುಚ್ಚಿದ್ರ ತೂತೂ ಬ್ಯಾಡಲ್ಲ?”

“ಬ್ಯಾಡ. ಆದ್ರ ನೀವು ಮುಚ್ಚೂಮುಂದ ನಾ ಎಲ್ಲಿದ್ದೆ?”

ಅವರು ನಳಿಕೆಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತರು. ದೀಪಾವಳಿಯ ಹೊತ್ತಿಗೆ ತೆರೆಯಬೇಕಿದ್ದ ಹಗೇವನ್ನು ನನಗಾಗಿ ಈಗಲೇ ತೆರೆದಿದ್ದರೆಂದು ನೀಲವ್ವನ ಮಾತಿನಿಂದ ಆಗ ತಿಳಿಯಿತು. ಒಮ್ಮೆ ಬಾಯಿ ತೆಗೆದ ಮೇಲೆ ಕಾಳನ್ನು ಪೂರ್ತಿ ಹೊರಗೆ ಹಾಕಲೇಬೇಕು. ಸಂದರ್ಶನಕ್ಕೆ ಹೊತ್ತಾಗಿತ್ತು. ಅವಸರದಲ್ಲಿ ಸೀಸೆಗಳನ್ನು ಚೀಲಕ್ಕೆ ತುರುಕಿ ಓಡಿದೆ. ನಳಿಕೆಯನ್ನು ಅಲ್ಲೇ ಬಿಟ್ಟು ಬಂದೆನೆಂದು ಟಂಟಂ ಹತ್ತಿದ ಮೇಲೆ ನೆನಪಾಯಿತು. ಇನ್ನು ಅದನ್ನು ಕಟ್ಟಿಕೊಂಡು ಮಾಡುವುದೇನಿದೆ ಎಂದು ಬಿಟ್ಟೆ.

ಹಳ್ಳಿಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲವೆಂದು ಮುಂಡರಗಿಯ ಒಂದು ಕಂಪ್ಯೂಟರ್ ಸೆಂಟರನ್ನು ಮೊದಲೇ ಗೊತ್ತು ಮಾಡಿದ್ದೆವು. ಪಹಣಿ ತೆಗೆಸಲು ಬಂದವರು, ಆಧಾರ್ ತಿದ್ದಿಸಲು ಬಂದವರು ಕಿಕ್ಕಿರಿದಿದ್ದರು. ಅಂಗಡಿಯವ ಎದ್ದು ನಿಂತು, “ಎಲ್ಲಾರೂ ಸ್ವಲ್ಪ ಗಪ್ಪ ಆಗ್ರಿ, ಮೇಡಂದು ಇಂಟರ್‌ವ್ಯೂ ಐತಿ” ಎಂದು ಕೂಗಿದ. ಜನ ಗಪ್ಪಾದರು. ಗಪ್ಪಾಗಿ ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡತೊಡಗಿದರು.

ಪರದೆಯ ಮೇಲೆ ಮೂರು ಮುಖಗಳು. ಇಂಗ್ಲಿಷಿನಲ್ಲಿ ನನ್ನ ಹಳೆಯ ಕೆಲಸದ ಬಗ್ಗೆ ಕೇಳಿದರು, ಚೆನ್ನಾಗಿಯೇ ಹೇಳಿದೆ. ಆಮೇಲೆ ನಡುವಿನ ಕನ್ನಡಕದವರು, ಮುಚ್ಚಿದ ಹಗೇವಿನ ಗಾಳಿ ಸಿಕ್ಕಿತೇ ಎಂದರು. ಇಲ್ಲ ಎಂದೆ. ನಾನು ಹೋಗುವ ಮೊದಲೇ ತೆರೆದಿದ್ದರು.

“ತೆರೆಯಬೇಡಿ ಎಂದು ಮುಂಚೆಯೇ ಹೇಳಬಹುದಿತ್ತಲ್ಲ?”

ಹೇಳಬಹುದಿತ್ತು. ಆ ಮನೆಯಲ್ಲಿ ಒಬ್ಬರು ಆ ಗಾಳಿಯಿಂದ ತೀರಿಕೊಂಡಿದ್ದಾರೆ, ಅತಿಥಿಯನ್ನು ಅವರು ಮುಚ್ಚಿದ ಹಗೇವಿನ ಬಳಿ ಬಿಡುವುದಿಲ್ಲ, ಅದು ನನಗೆ ಗೊತ್ತಿರಲಿಲ್ಲ ಎಂದೆ. ಅವರು ತಲೆಯಾಡಿಸಿದರು. “ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ನಾವು ಕೇಳಿದ್ದು ಮಾಹಿತಿ” ಎಂದರು. ಪಕ್ಕದ ಚೌಕದಲ್ಲಿದ್ದ ಪುಣೆಯ ಪ್ರಾಧ್ಯಾಪಕಿ ಏನೋ ಬರೆದುಕೊಂಡರು. ಮಾತು ಮುಗಿದು ಪರದೆ ಕಪ್ಪಾಯಿತು. ಬೆನ್ನ ಹಿಂದಿನಿಂದ ಯಾರೋ, “ಆತೇನವಾ ನೌಕರಿ?” ಎಂದು ಕೇಳಿದರು. ಮಾಮಾ ನನ್ನ ಚೀಲ ಎತ್ತಿಕೊಂಡ.

ಶುಕ್ರವಾರ ಗದಗಕ್ಕೆ ಮರಳಿದೆವು. ಬಸ್ಸಿನುದ್ದಕ್ಕೂ ಮಾಮಾ ಒಂದೂ ಹಾಸ್ಯ ಮಾಡಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು. ಗದಗದಿಂದ ಅವನು ಲಕ್ಷ್ಮೇಶ್ವರಕ್ಕೆ, ನಾನು ಹುಬ್ಬಳ್ಳಿಗೆ. ಚಹಾ ಕುಡಿಯುವಾಗ ಮೇಲ್ ಬಂತು. ಎರಡು ವರ್ಷ ಹಗಲೂ ರಾತ್ರಿ ಕಾದ ಮೇಲ್ ಹೀಗೆ ಗದಗದ ನಿಲ್ದಾಣದಲ್ಲಿ, ಬನ್ನು ಅದ್ದುವಾಗ ಬಂತು. ಸಮಿತಿ ಬೇರೊಬ್ಬರನ್ನು ಆರಿಸಿದೆ. ಪ್ರಾಧ್ಯಾಪಕಿ ಕೆಳಗೆ ತಮ್ಮದೊಂದು ಸಾಲು ಸೇರಿಸಿದ್ದರು: ಆ ಗಾಳಿ ಎಂದಾದರೂ ಸಿಕ್ಕರೆ ನನಗೆ ತಿಳಿಸಿ, ಫೆಲೋಶಿಪ್ ಇರಲಿ ಇಲ್ಲದಿರಲಿ.

“ಆಗಲಿಲ್ಲ ಮಾಮಾ.”

ಅವನು ಚಹಾದ ಕಪ್ಪನ್ನು ಕೆಳಗಿಟ್ಟ. “ನನ್ನ ಒಂದು ಫೋನಿಂದ ಹಿಂಗಾತು. ಹುಡುಗಿ ಬಾಳೇ ಕೆಡಿಸಿದೆ” ಎಂದ.

“ಬಿಡು ಮಾಮಾ. ನೀ ಇರದಿದ್ರ ಆ ಪಾಯಖಾನಿ ಬಾಗಲಾ ಯಾರು ಬಡೀತಿದ್ರು?” ಎಂದೆ. ಅವನು ನಗಲಿಲ್ಲ.

ಅಷ್ಟರಲ್ಲಿ ಅವನ ಫೋನು ಹೊಡೆಯಿತು. ಫಕ್ಕೀರಪ್ಪ. ನನಗೇ ಕೊಡಲು ಹೇಳಿದರು. ಗಾಳಿಯ ಸದ್ದಿನಲ್ಲಿ ಅವರ ದನಿ ಹರಿಹರಿದು ಬರುತ್ತಿತ್ತು.

“ತಂಗೀ, ನಿನ್ನ ನಳಗಿ ಇಲ್ಲೇ ಬಿಟ್ಟು ಹೋಗಿದ್ದಿ.”

“ಇರಲಿ ಬಿಡ್ರಿ ಕಾಕಾ.”

“ಇರಲಿ ಅಲ್ಲವಾ, ಇಟ್ಟೀವಿ. ಬಾಜೂಕ ನಮ್ಮದೊಂದು ಸಣ್ಣ ಹಗೇವು ಇತ್ತು, ಖಾಲಿ. ನಿನ್ನೆ ಸಂಜಿಮುಂದ ಒಣಾ ಕಾಳು ಅದಕ್ಕ ತುಂಬಿದ್ವಿ. ನಿನ್ನ ನಳಗಿ ನಡೂ ಮಟಾ ಇಳಿಸಿ, ತುದಿ ಹೊರಗ ಬಿಟ್ಟು, ಬೂಚು ಹಾಕಿ ಮಣ್ಣು ಮೆತ್ತೀವಿ. ದೀಪಾವಳಿ ಮಟಾ ಮನಿಗೆ ಬೇಕಾದಷ್ಟು ಹೊರಗ ಇಟಗೊಂಡೀವಿ. ನೀ ಬಂದು ಗಾಳಿ ತಗೀಬೇಕು, ಆಮ್ಯಾಲ ನಾವು ಬಾಯಿ ತಗಿಯೂದು. ಅಲ್ಲೀತನಕ ಯಾರೂ ಮುಟ್ಟಂಗಿಲ್ಲ. ಮತ್ತ, ನಿನ್ನ ಸಂದರ್ಶನ ಏನಾತು?”

ನಾನು ಮಾಮಾನ ಮುಖ ನೋಡಿದೆ.

“ಬರ್ತೀನಿ ಕಾಕಾ. ದೀಪಾವಳಿ ಒಳಗ ಬರ್ತೀನಿ. ನೀಲವ್ವಕ್ಕಗ ಹೇಳ್ರಿ, ದೂರಾ ನಿಂತ ತಗೀತೀನಿ ಅಂತ.”

ಹುಬ್ಬಳ್ಳಿಯ ಬಸ್ಸು ಹೊರಡಲು ಹಾರ್ನ್ ಹೊಡೆಯಿತು. ಹತ್ತಿ ಕಿಟಕಿಯ ಪಕ್ಕ ಕೂತೆ. ಮಾಮಾ ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡ.

“ಅಲ್ಲಲೇ ಸುಮಾ, ನೌಕರಿ ಹೋತು, ದಸರಾಕ್ಕ ವಯಸ್ಸೂ ದಾಟತೈತಿ. ಇನ್ನ ಆ ಗಾಳಿ ತಗೊಂಡು ಏನ ಮಾಡ್ತಿ?”

“ಗೊತ್ತಿಲ್ಲ ಮಾಮಾ. ಆದ್ರ ಒಂದು ಮನಿಯವರು ನನ್ನ ಸಲವಾಗಿ ಉಣ್ಣೂ ಕಾಳು ಮುಚ್ಚಿ ಕುಂತಾರ. ಹೋಗದ ಹೆಂಗ ಇರಲಿ?”

ಬಸ್ಸು ಚಲಿಸಿತು. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಹಿಂದಿನವನ್ನೆಲ್ಲ ಕಿಟಕಿಯಿಂದ ಗಾಳಿಗೆ ಬಿಟ್ಟಿದ್ದೆ. ಇದನ್ನು ಮಡಚಿ, ಚೀಲದಲ್ಲಿ ಉಳಿದಿದ್ದ ಖಾಲಿ ಸೀಸೆಗಳ ನಡುವೆ ಇಟ್ಟುಕೊಂಡೆ.